ಬೀಗ ಒಡೆಯದ ಕಳವು

ನನ್ನ ಜೆರಾಕ್ಸ್ ಅಂಗಡಿಗೂ ಅವಳ ಸ್ಟುಡಿಯೋಗೂ ನಡುವೆ ಇರುವುದು ಒಂದೇ ಗೋಡೆ. ಅದೂ ಎಷ್ಟು ತೆಳುವೆಂದರೆ, ಆಚೆ ಅವಳು "ಗದ್ದ ಸ್ವಲ್ಪ ಕೆಳಗೆ" ಎಂದರೆ ಈಚೆ ನನ್ನ ಗದ್ದ ತಾನಾಗಿ ಕೆಳಗಿಳಿಯುತ್ತಿತ್ತು. ಪಾಸ್‌ಪೋರ್ಟ್ ಫೋಟೋಗೆ ಬಂದವರು ಯಾರೇ ಆಗಲಿ, ಆ ಕುರ್ಚಿಯಲ್ಲಿ ಕೂತ ಕೂಡಲೇ ದೊಡ್ಡ ಅಧಿಕಾರಿಯ ಹಾಗೆ ಮುಖ ಎತ್ತಿಬಿಡುತ್ತಾರಂತೆ. ದಿನಕ್ಕೆ ನಲವತ್ತು ಸಲ ಅದೇ ಮಾತು ಕೇಳಿ ಕೇಳಿ ಬೀದಿಯ ಮಕ್ಕಳು ಅವಳಿಗೆ ಗದ್ದಕ್ಕ ಎಂದು ಹೆಸರಿಟ್ಟವು. ನನಗಿಂತ ಹದಿನೈದು ವರ್ಷ ಚಿಕ್ಕವಳಾದರೂ ನಾನೂ ಹಾಗೇ ಕರೆಯುತ್ತಿದ್ದೆ. ಅವಳು ನನ್ನನ್ನು ಅಣ್ಣ ಎನ್ನುತ್ತಿದ್ದಳು.

ಅವಳ ಅಪ್ಪ ಅಮ್ಮ ಇಬ್ಬರೂ ಬೇಗ ಹೋದವರು. ಸಾಕಿದ್ದು ಅಕ್ಕ. ಅಕ್ಕನಿಗೆ ಮದುವೆಯಾದಾಗ ಇವಳಿಗೆ ಹನ್ನೊಂದು ವರ್ಷ. ಗಂಡನ ಮನೆಗೆ ಹೊರಟ ಅಕ್ಕ ಬಟ್ಟೆಯ ಪೆಟ್ಟಿಗೆಯ ಜೊತೆಗೆ ತಂಗಿಯ ಕೈಯನ್ನೂ ಹಿಡಿದುಕೊಂಡು ಹೋದಳು. ಭಾವ ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಮೊದಲ ಕ್ಯಾಮೆರಾ ಕೊಡಿಸಿದ್ದು ಅವನು, ಈ ಅಂಗಡಿಯ ಬಾಡಿಗೆ ಕರಾರಿಗೆ ಜಾಮೀನು ನಿಂತಿದ್ದೂ ಅವನೇ. ವೃತ್ತಿಯಲ್ಲಿ ವಿಮೆ ಏಜೆಂಟ್. "ಅವನೆದುರು ಸೀನಬೇಡಿ, ಆರೋಗ್ಯ ವಿಮೆ ಮಾಡಿಸಿಬಿಡ್ತಾನೆ" ಎಂದು ನಾವೆಲ್ಲ ಆಡಿಕೊಳ್ಳುತ್ತಿದ್ದೆವು. ಮನುಷ್ಯ ಮಾತ್ರ ಕೆಟ್ಟವನಲ್ಲ. ಮಾತಿನ ಭರದಲ್ಲಿ ಪಾಲಿಸಿಯ ಸಣ್ಣ ಅಕ್ಷರಗಳನ್ನು ಹಾರಿಸಿಕೊಂಡು ಓದುವ ಅಭ್ಯಾಸ, ಅಷ್ಟೇ.

ಗದ್ದಕ್ಕ ಹೊಸ ಲ್ಯಾಪ್‌ಟಾಪು, ಎರಡು ಹಾರ್ಡ್ ಡಿಸ್ಕು ತಂದಾಗ ಭಾವ ಮಾರನೇ ದಿನವೇ ಅರ್ಜಿ ಹಿಡಿದುಕೊಂಡು ಬಂದ. ಭರ್ತಿ ಮಾಡಿದ್ದು ನನ್ನ ಕಟ್ಟೆಯ ಮೇಲೇ.

"ಬೆಂಕಿ, ನೀರು, ಕಳವು, ಎಲ್ಲಾ ಇದರಲ್ಲೇ ಬರುತ್ತೆ. ಇಲ್ಲಿ ಸೈನ್ ಹಾಕು."

"ಕೆಲಸಕ್ಕೆ ಅಂತ ಹೊರಗೆ ತಗೊಂಡ್ಹೋದಾಗ ಕಳೆದ್ರೆ, ಭಾವ?"

"ಕಳವು ಅಂದ್ರೆ ಕಳವು ಕಣಮ್ಮ. ಒಳಗೇನು, ಹೊರಗೇನು? ಸುಮ್ನೆ ಸೈನ್ ಹಾಕು, ನನಗೆ ಇನ್ನೂ ಎರಡು ಕಡೆ ಹೋಗ್ಬೇಕು."

ಅವಳು ಹಾಕಿದಳು. ನಾನು ಎರಡು ಪ್ರತಿ ತೆಗೆದುಕೊಟ್ಟೆ. ನಾನೂ ಓದಲಿಲ್ಲ. ದಿನಕ್ಕೆ ಸಾವಿರ ಹಾಳೆ ನನ್ನ ಕೈ ದಾಟುತ್ತದೆ, ಓದುತ್ತ ಕೂತರೆ ಅಂಗಡಿ ಮುಚ್ಚಬೇಕಾಗುತ್ತದೆ.

ಇದಾಗಿ ಏಳೆಂಟು ತಿಂಗಳಿಗೆ ಹಿಂದಿನ ಬೀದಿಯ ಬಸ್ ಡ್ರೈವರೊಬ್ಬ ಹೆಂಡತಿ, ಇಬ್ಬರು ಹೆಣ್ಣುಮಕ್ಕಳ ಸಮೇತ ಸ್ಟುಡಿಯೋಗೆ ಬಂದ. ನಲವತ್ತೆಂಟರ ಆಳು. ಒಂದು ಕಾಲದಲ್ಲಿ ಬಸ್ಸಿನ ಸ್ಟೇರಿಂಗನ್ನು ಒಂದೇ ಕೈಯಲ್ಲಿ ತಿರುಗಿಸುತ್ತಿದ್ದವನು ಅವತ್ತು ನಮ್ಮ ಮೂರು ಮೆಟ್ಟಿಲು ಹತ್ತಲು ಎರಡು ಸಲ ನಿಂತ. ಶ್ವಾಸಕೋಶ ಪೂರ್ತಿ ಹೋಗಿತ್ತು. ಮೂಗಿಗೆ ಆಮ್ಲಜನಕದ ಕೊಳವೆ; ಸಿಲಿಂಡರನ್ನು ಪುಟ್ಟ ಗಾಡಿಯಲ್ಲಿಟ್ಟು ಹೆಂಡತಿ ಎಳೆಯುತ್ತಿದ್ದಳು. ಅವಳು ಮನೆಯಲ್ಲೇ ಬಟ್ಟೆ ಹೊಲಿಯುವವಳು, ಎಲ್ಲರಿಗೂ ಟೈಲರಮ್ಮ.

"ಮೇಡಮ್ಮೋರೇ, ನನ್ನ ಜೀವಮಾನದಲ್ಲಿ ತೆಗೆಸ್ಕೊಂಡಿರೋದು ಲೈಸೆನ್ಸ್ ಫೋಟೋ ಮಾತ್ರ" ಎಂದ ಡ್ರೈವರ್. "ಅದ್ರಲ್ಲಿ ನಾನು ಕಳ್ಳನ ಹಾಗೆ ಕಾಣ್ತೀನಿ. ಮಕ್ಕಳಿಗೆ ಅದೇ ಉಳಿಯೋದು ಬೇಡ. ಇನ್ನೊಂದು ಮಾತು. ಈ ಕೊಳವೆ ಫೋಟೋದಲ್ಲಿ ಬರಬಾರದು."

"ಅದಿಲ್ದೆ ಎಷ್ಟು ಹೊತ್ತು ಇರ್ತೀರಿ?"

"ಇಪ್ಪತ್ತು ಎಣಿಸೋ ತನಕ."

ಆ ಮಧ್ಯಾಹ್ನ ಗೋಡೆಯಾಚೆ ಕೇಳಿದ್ದು ನನಗೆ ಇವತ್ತಿಗೂ ನೆನಪಿದೆ. ಗದ್ದಕ್ಕ ಮೊದಲು ದೀಪ ಸರಿ ಮಾಡುವಳು, ಮಕ್ಕಳನ್ನು ನಿಲ್ಲಿಸುವಳು, ಎಲ್ಲವೂ ತಯಾರಾದ ಮೇಲೆ "ಈಗ" ಎನ್ನುವಳು. ಟೈಲರಮ್ಮ ಕೊಳವೆ ತೆಗೆದು ಒಂದು, ಎರಡು ಎಂದು ಗಟ್ಟಿಯಾಗಿ ಎಣಿಸುವಳು. ಅಷ್ಟರೊಳಗೆ ಐದೋ ಆರೋ ಕ್ಲಿಕ್. ಮತ್ತೆ ಕೊಳವೆ, ಮತ್ತೆ ಹತ್ತು ನಿಮಿಷ ಸುಧಾರಿಸಿಕೊಳ್ಳುವುದು. ಎರಡು ಗಂಟೆಯಲ್ಲಿ ಅರವತ್ತೆರಡು ಫೋಟೋ. ಸಾಮಾನ್ಯವಾಗಿ ಅವಳು ಅಷ್ಟು ಹೊತ್ತಿನಲ್ಲಿ ಐನೂರು ತೆಗೆಯುವವಳು. ಹೋಗುವಾಗ ಅವನು ನನ್ನ ಅಂಗಡಿಯ ಮುಂದೆ ನಿಂತು, "ನಿಮ್ಮ ಮಿಷನ್ನಲ್ಲಿ ಇಟ್ರೆ ನನ್ನದೂ ಒಂದು ಜೆರಾಕ್ಸ್ ಬರುತ್ತಾ?" ಎಂದು ಕೇಳಿ, ನಾನು ಉತ್ತರ ಹುಡುಕುವಷ್ಟರಲ್ಲಿ ತಾನೇ ನಕ್ಕು, ಆ ನಗುವಿಗೇ ಕೆಮ್ಮು ಬಂದು ಗೋಡೆ ಹಿಡಿದುಕೊಂಡ.

ಆರನೇ ದಿನ ಅವನು ತೀರಿಕೊಂಡ. ಮುಂದಿನ ಸೋಮವಾರ ಆಲ್ಬಮ್ ಕೈಗೆ ಕೊಡುತ್ತೇನೆಂದು ಗದ್ದಕ್ಕ ಟೈಲರಮ್ಮನಿಗೆ ಮಾತು ಕೊಟ್ಟು ಬಂದಳು.

ಸೋಮವಾರಕ್ಕೆ ಮೊದಲಿನ ಶನಿವಾರ ಒಂದು ಕಂಪನಿಯ ವಾರ್ಷಿಕ ಸಮಾರಂಭದ ಕೆಲಸವಿತ್ತು. ಬೆಳಗ್ಗೆ ತೆಗೆದ ಫೋಟೋಗಳನ್ನು ಸಂಜೆಯೊಳಗೆ ಅಲ್ಲೇ ಪರದೆಯ ಮೇಲೆ ತೋರಿಸಬೇಕೆಂದು ಅವರು ಕೇಳಿದ್ದರಿಂದ ಲ್ಯಾಪ್‌ಟಾಪನ್ನು ಹಾಲ್‌ಗೇ ಒಯ್ದಳು. ಬಿಡುವು ಸಿಕ್ಕಾಗ ಡ್ರೈವರನ ಆಲ್ಬಮ್ಮಿನ ಕೆಲಸವನ್ನೂ ಮಾಡಬಹುದೆಂದು ಆ ಡಿಸ್ಕನ್ನೂ ಬ್ಯಾಗಿಗೆ ಹಾಕಿದಳು. ಅದರದೇ ನಕಲು ಇದ್ದ ಎರಡನೇ ಡಿಸ್ಕನ್ನು ಅಂಗಡಿಯಲ್ಲಿ ಒಂಟಿಯಾಗಿ ಬಿಡುವುದೇಕೆ, ತನ್ನ ಜೊತೆಯಲ್ಲಿದ್ದರೆ ಭದ್ರ ಎಂದುಕೊಂಡು ಅದನ್ನೂ ಹಾಕಿದಳು. ಆಮೇಲೆ ಈ ಮಾತು ಹೇಳುವಾಗೆಲ್ಲ ಅವಳು ತನ್ನ ಹಣೆಗೆ ತಾನೇ ಹೊಡೆದುಕೊಳ್ಳುತ್ತಿದ್ದಳು.

ವೇದಿಕೆಯ ಹಿಂದೆ ಕರೆಂಟಿನ ಪ್ಲಗ್ ಇದ್ದ ಕಡೆ ಒಂದು ಮೇಜು. ಪಕ್ಕದಲ್ಲಿ ಮೈಕಿನವನು. ನಾಲ್ಕು ಗಂಟೆಯ ಹೊತ್ತಿಗೆ ಕಂಪನಿಯ ಅಧ್ಯಕ್ಷರಿಗೆ ಎಲ್ಲರನ್ನೂ ಹೊರಗಿನ ಮೆಟ್ಟಿಲ ಮೇಲೆ ನಿಲ್ಲಿಸಿ ಗ್ರೂಪ್ ಫೋಟೋ ತೆಗೆಸುವ ಮನಸ್ಸಾಯಿತು. "ಸ್ವಲ್ಪ ನೋಡ್ಕೊಳ್ಳಿ" ಎಂದು ಮೈಕಿನವನಿಗೆ ಹೇಳಿ ಇವಳು ಕ್ಯಾಮೆರಾ ಹಿಡಿದು ಓಡಿದಳು. ಇನ್ನೂರು ಜನರನ್ನು ಎತ್ತರದ ಪ್ರಕಾರ ನಿಲ್ಲಿಸಿ, ಗದ್ದ ಇಳಿಸಿ, ತೆಗೆದು ವಾಪಸು ಬರಲು ಹನ್ನೆರಡು ನಿಮಿಷ. ಬಂದು ನೋಡಿದರೆ ಮೇಜಿನ ಅಂಚಿನಿಂದ ಚಾರ್ಜರಿನ ತಂತಿ ಜೋತಾಡುತ್ತಿತ್ತು. ಲ್ಯಾಪ್‌ಟಾಪಿಲ್ಲ. ಮೇಜಿನ ಕೆಳಗಿದ್ದ ಬ್ಯಾಗಿಲ್ಲ. ಮೈಕಿನವನೂ ಇಲ್ಲ, ಅವನು ಟೀ ಕುಡಿಯಲು ಹೋಗಿದ್ದ.

ಹಾಲ್‌ನ ಒಂದೊಂದು ಬಾಗಿಲು, ಅಡುಗೆಯವರ ಪಾತ್ರೆಗಳ ಹಿಂದೆ, ಶೌಚಾಲಯ, ಕುರ್ಚಿಗಳ ರಾಶಿ, ಎಲ್ಲ ಕಡೆ ಹುಡುಕಿದಳಂತೆ. ಒಳಗೆ ಯಾರೋ ಮೈಕಿನಲ್ಲಿ "ಫೋಟೋದವರು ಎಲ್ಲಿದ್ದರೂ ವೇದಿಕೆಗೆ ಬರಬೇಕು" ಎಂದು ಕರೆಯುತ್ತಲೇ ಇದ್ದರು.

ಸಂಜೆ ಆರಕ್ಕೆ ಬರಿಗೈಯಲ್ಲಿ ಬಂದು ನನ್ನ ಅಂಗಡಿಯ ಬೆಂಚಿನ ಮೇಲೆ ಕೂತಳು.

"ಅಣ್ಣ, ಅವನು ಹೋದ."

"ಯಾರು?"

"ಡ್ರೈವರು. ಎರಡೂ ಡಿಸ್ಕಲ್ಲಿದ್ದ. ಎರಡೂ ಹೋಯ್ತು."

ನಾನು ಭಾವನಿಗೆ ಫೋನ್ ಮಾಡಿದೆ. ಅಕ್ಕನನ್ನೂ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದ. ಬಂದವನೇ ಧೈರ್ಯ ಹೇಳಿದ: "ವಿಮೆ ಇದ್ಯಲ್ಲಮ್ಮ, ಯಾಕೆ ಅಳ್ತೀಯ?" ಪಾಲಿಸಿ ತರಿಸಿ, ಕನ್ನಡಕ ಏರಿಸಿ ಓದತೊಡಗಿದ. ಮೂರನೇ ಪುಟದಲ್ಲಿ ಅವನ ಬೆರಳು ನಿಂತಿತು. ಮತ್ತೆ ಮೇಲಿಂದ ಓದಿದ. ಕನ್ನಡಕ ತೆಗೆದು ಒರೆಸಿದ.

ಪಾಲಿಸಿಯಲ್ಲಿ ಇದ್ದದ್ದು ಇಷ್ಟು: ಸಾಮಾನು ವಿಮೆ ಮಾಡಿಸಿದ ಅಂಗಡಿಯೊಳಗೇ ಇರಬೇಕು, ಬೀಗವೋ ಬಾಗಿಲೋ ಒಡೆದ ಗುರುತಿರಬೇಕು. ಕೆಲಸದ ಮೇಲೆ ಹೊರಗೆ ಒಯ್ದಾಗಿನ ಕಳವಿಗೆ ಬೇರೆಯದೇ ಒಂದು ಅಂಶ ಸೇರಿಸಿಕೊಳ್ಳಬೇಕಿತ್ತು. ಕಂತು ಕಡಿಮೆ ಕಾಣಲಿ ಎಂದು ಅವನು ಆ ಚೌಕವನ್ನು ಖಾಲಿ ಬಿಟ್ಟಿದ್ದ.

"ಭಾವ, ನಾನು ಕೇಳಿದ್ದೆ" ಎಂದಳು ಗದ್ದಕ್ಕ. ದನಿ ಏರಿಸಲಿಲ್ಲ.

ಭಾವ ಪಾಲಿಸಿ ಮಡಚಿಟ್ಟ. ಎದ್ದು ಸ್ಟುಡಿಯೋದ ಬಾಗಿಲನ್ನು ನೋಡಿದ, ಬೀದಿಯ ಎರಡೂ ಕಡೆ ನೋಡಿದ. "ಪೊಲೀಸರಿಗೆ ದೂರು ಕೊಟ್ಟಿಲ್ಲ ತಾನೇ?"

"ಇಲ್ಲ. ಹುಡುಕ್ತಿದ್ದೆ."

"ಒಳ್ಳೇದೇ ಆಯ್ತು. ಹಾಲ್‌ನಲ್ಲಿ ಹೋಗಿಲ್ಲ. ಹೀಗೆ ಹೇಳು: ಸಮಾರಂಭ ಮುಗಿಸ್ಕೊಂಡು ಬಂದೆ, ಸಾಮಾನು ಇಲ್ಲಿಟ್ಟು ಊಟಕ್ಕೆ ಅಕ್ಕನ ಮನೆಗೆ ಹೋದೆ. ಬೆಳಗ್ಗೆ ಬಂದ್ರೆ ಚಿಲಕ ಮುರಿದಿತ್ತು. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಸುಳ್ಳು ಹೇಳೋದಾ?"

ಅಕ್ಕ ಮುಂದೆ ಬಂದು ಅವಳ ತಲೆ ಸವರಿದಳು. "ಯಾರ ಮನೆ ಹಾಳು ಮಾಡೋ ಸುಳ್ಳಲ್ಲ ಕಣೆ. ಕಂತು ಕಟ್ಟಿದ್ದೀಯ, ಕಂಪನಿ ಕೊಡಲಿ. ಮತ್ತೆ ಲ್ಯಾಪ್‌ಟಾಪ್ ಇಲ್ದೆ ನಾಳೆಯಿಂದ ಏನು ಮಾಡ್ತೀಯ? ಪಾಸ್‌ಪೋರ್ಟ್ ಫೋಟೋ ನಂಬ್ಕೊಂಡು ಬದುಕ್ತೀಯಾ? ಇವರ ಹೆಸರೂ ಉಳಿಯುತ್ತೆ. ಈ ವಿಷಯ ಮೇಲಕ್ಕೆ ಹೋದ್ರೆ ಏಜೆನ್ಸಿ ಕಿತ್ಕೋತಾರೆ."

ಕೊನೆಯ ಮಾತಿಗೆ ಗದ್ದಕ್ಕ ತಲೆ ತಗ್ಗಿಸಿದಳು. ಅವಳು ಅಡಕತ್ತರಿಯಲ್ಲಿ ಸಿಕ್ಕ ಹಾಗಿದ್ದಳು. ಹೂಂ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ಭಾವ ಸ್ಕೂಟರಿನ ಡಿಕ್ಕಿಯಿಂದ ಕಬ್ಬಿಣದ ಸಲಾಕೆ ತಂದು ಚಿಲಕದ ಸಂದಿಗೆ ಹಾಕಿ ಮೀಟಿದ. ಎರಡು ಮೊಳೆ ಚಿಮ್ಮಿ ನನ್ನ ಕಟ್ಟೆಗೆ ಬಿದ್ದವು. ಬೆಳಗ್ಗೆ ಅಂಗಡಿ ತೆಗೆಯಲು ಬಂದಾಗ ಮುರಿದ ಚಿಲಕವನ್ನು ಮೊದಲು ಕಂಡವನು ನಾನು ಎಂದು ಹೇಳಬೇಕು. ಅದು ನನ್ನ ಪಾಲಿನ ಮಾತು. ನಾನು ಒಪ್ಪಿಕೊಂಡೆ. ಒಪ್ಪಲಿಲ್ಲ ಎಂದು ಈಗ ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಭಾನುವಾರ ಬೆಳಗ್ಗೆ ನಾವು ಮೂವರೂ ಠಾಣೆಗೆ ಹೋದೆವು. ದೂರು ಬರೆದುಕೊಳ್ಳುವ ಮುಖ್ಯಪೇದೆ ವಯಸ್ಸಾದವನು, ಸಾವಧಾನದ ಮನುಷ್ಯ. ಭಾವನೇ ಮಾತು ಶುರು ಮಾಡಿದ. ಚಿಲಕ, ಊಟ, ಬೆಳಗ್ಗೆ, ಎಲ್ಲವನ್ನೂ ಬಾಯಿಪಾಠ ಒಪ್ಪಿಸಿದ. ಪೇದೆ ಬರೆದುಕೊಳ್ಳುತ್ತಲೇ, ಕೆಲಸದ ಅಭ್ಯಾಸದಿಂದ, ಮುಂದಿನದನ್ನು ಹೇಳುತ್ತಾ ಹೋದ.

"ಚಿಂತೆ ಮಾಡ್ಬೇಡಿ. ನಿಮ್ಮ ಬೀದಿ ತುದಿಯಲ್ಲಿ ಬ್ಯಾಂಕಿನ ಕ್ಯಾಮೆರಾ ಇದೆ, ಅದನ್ನ ನೋಡ್ತೀವಿ. ಆ ಏರಿಯಾದಲ್ಲಿ ಹಳೇ ಕಳ್ಳರು ನಾಲ್ಕು ಜನ ಇದ್ದಾರೆ, ಕರೆಸ್ತೀವಿ. ಅಕ್ಕಪಕ್ಕದ ಗುಜರಿಯಲ್ಲಿ ವಿಚಾರಿಸ್ತೀವಿ. ನಿಮ್ಮ ಬೀದೀನ ಜಾಲಾಡಿಬಿಡ್ತೀವಿ."

ನಾನು ಗದ್ದಕ್ಕನ ಕಡೆ ನೋಡಿದೆ. ಅವಳು ಆ ಪೇದೆಯ ಪೆನ್ನನ್ನೇ ನೋಡುತ್ತಿದ್ದಳು.

"ಹಾಲ್ ಕಡೆ ಹುಡುಕಲ್ವಾ?" ಎಂದಳು.

"ಯಾವ ಹಾಲ್?"

ಭಾವ ಮೇಜಿನ ಕೆಳಗೆ ಅವಳ ಕೈ ಅದುಮಿದ. ಅವಳು ಕೈ ಬಿಡಿಸಿಕೊಂಡಳು.

"ಸರ್, ಅದನ್ನ ಹೊಡೆದುಹಾಕಿ. ಕಳೆದಿದ್ದು ಅಂಗಡೀಲಿ ಅಲ್ಲ. ನಿನ್ನೆ ನಾಲ್ಕು ಗಂಟೆಗೆ, ಸಮಾರಂಭದ ಹಾಲ್‌ನಲ್ಲಿ, ವೇದಿಕೆ ಹಿಂದೆ. ದಯವಿಟ್ಟು ಅಲ್ಲಿ ಹುಡುಕಿ. ಲ್ಯಾಪ್‌ಟಾಪ್ ಹೋದ್ರೆ ಹೋಗಲಿ ಸರ್. ಡಿಸ್ಕಲ್ಲಿ ಒಬ್ಬರ ಫೋಟೋ ಇದೆ. ಅವರು ಈಗಿಲ್ಲ. ಮತ್ತೆ ತೆಗೆಯೋಕೆ ಆಗಲ್ಲ."

ಪೇದೆ ಪೆನ್ನು ಕೆಳಗಿಟ್ಟ. ಭಾವನನ್ನು ನೋಡಿದ, ನನ್ನನ್ನು ನೋಡಿದ. ಕೊನೆಗೆ ಅವನು ಹಾಳೆಯನ್ನು ಹರಿದು ಮುದ್ದೆ ಮಾಡಿ, "ನಾನು ಏನೂ ಕೇಳಿಸ್ಕೊಂಡಿಲ್ಲ. ಮೊದಲಿಂದ ಹೇಳಿ" ಎಂದ. ಭಾವ ಎದ್ದು ಹೊರಗೆ ಹೋದ. ಸ್ಕೂಟರಿನ ಸದ್ದು ಕೇಳಿಸಿತು. ನಾವಿಬ್ಬರೂ ನಡೆದುಕೊಂಡು ಬಂದೆವು.

ಅಕ್ಕ ಮಧ್ಯಾಹ್ನ ಫೋನ್ ಮಾಡಿದಳು. ಏನು ಮಾತಾಯಿತೋ ಪೂರ್ತಿ ಗೊತ್ತಿಲ್ಲ. ಗೋಡೆಯಾಚೆಯಿಂದ ನನಗೆ ಕೇಳಿಸಿದ್ದು, "ಅನ್ನ ಹಾಕಿದ್ದು ಮರೆತಿಲ್ಲ ಅಕ್ಕ... ಮರೆತಿಲ್ಲ... ಅಕ್ಕ? ಅಕ್ಕ?" ಎಂಬುದು.

ಇಷ್ಟಾದ ಮೇಲೆ ಹಾಲ್‌ನಲ್ಲಿ ಏನಾದರೂ ಸಿಕ್ಕಿತೇ? ಅಲ್ಲಿ ಮೂರು ಕ್ಯಾಮೆರಾ ಇದ್ದವು. ಮೂರೂ ಹೆದರಿಸಲಿಕ್ಕೆ ಹಾಕಿದ್ದು, ತಂತಿಯೇ ಇರಲಿಲ್ಲ. ಅವತ್ತು ಬಡಿಸಲು, ಕುರ್ಚಿ ಹೊರಲು, ಹೂ ಕಟ್ಟಲು ಬಂದಿದ್ದ ದಿನಗೂಲಿಯವರು ಅರವತ್ತಕ್ಕೂ ಹೆಚ್ಚು ಜನ. ಅರ್ಧ ಜನರ ಹೆಸರು ಕರೆತಂದವನಿಗೇ ತಿಳಿದಿರಲಿಲ್ಲ. ಪೇದೆ ತನ್ನ ಕೈಲಾದಷ್ಟು ಓಡಾಡಿ, ಎರಡನೇ ವಾರ ಕೈ ಚೆಲ್ಲಿದ.

ವಿಮೆ ಕಂಪನಿಗೆ ಅವಳು ನಿಜವನ್ನೇ ಬರೆದು ಅರ್ಜಿ ಹಾಕಿದಳು. ಸಿಗುವುದಿಲ್ಲವೆಂದು ಗೊತ್ತಿತ್ತು, ಆದರೂ ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ಪರಿಶೀಲನೆಗೆ ಒಬ್ಬ ಸರ್ವೇಯರ್ ಬಂದ. ತೆಳ್ಳಗಿನ ಮನುಷ್ಯ, ಅಂಗೈಯಷ್ಟು ಪುಸ್ತಕ. ಒಳಗೆ ಬರುವ ಮೊದಲೇ ಬಾಗಿಲ ಹತ್ತಿರ ನಿಂತ.

"ಕಳವು ಹಾಲ್‌ನಲ್ಲಿ ಆಗಿದ್ದು ಅಂತ ಬರೆದಿದ್ದೀರಿ. ಇಲ್ಲಿ ಚಿಲಕ ಯಾಕೆ ಮುರಿದಿದೆ?"

ಚಿಲಕ ಬದಲಾಯಿಸಲು ಅವಳಿಗೆ ಮನಸ್ಸೂ ಇರಲಿಲ್ಲ, ಪುರುಸೊತ್ತೂ ಇರಲಿಲ್ಲ. ಒಂದು ಹಗ್ಗ ಕಟ್ಟಿ ಬಿಟ್ಟಿದ್ದಳು. ನಿಜ ಹೇಳಿದರೆ ಭಾವ ಮುಗಿದ. ಅವಳು ಒಂದು ಕ್ಷಣ ಮೊಳೆ ಕಿತ್ತ ಆ ತೂತುಗಳನ್ನು ನೋಡಿದಳು.

"ನಾನೇ ಮುರಿದೆ. ಬೀಗದ ಕೈ ಕಳೆದಿತ್ತು."

"ಯಾವಾಗ?"

"ಅವತ್ತೇ."

"ಅವತ್ತೇ" ಎಂದು ಅವನು ಬರೆದುಕೊಂಡ. ಅವಳ ಮುಖವನ್ನು ಬಹಳ ಹೊತ್ತು ನೋಡಿದ. "ನಿಮ್ಮ ಏಜೆಂಟ್ ಯಾರು?"

"ಪಾಲಿಸಿಯಲ್ಲಿದೆ. ಅವರದೇನೂ ತಪ್ಪಿಲ್ಲ. ನಾನೇ ಸರಿಯಾಗಿ ಓದ್ಲಿಲ್ಲ."

ಹದಿನೈದು ದಿನಕ್ಕೆ ಪತ್ರ ಬಂತು. ಕ್ಲೇಮು ತಿರಸ್ಕರಿಸಲಾಗಿದೆ, ಕಳವು ವಿಮಾ ಸ್ಥಳದ ಹೊರಗೆ ಆಗಿದೆ. ಕೆಳಗೆ ಇನ್ನೊಂದು ಸಾಲು: ಅಂಗಡಿಯ ಬಾಗಿಲಿಗೆ ಆದ ಹಾನಿಯ ಬಗ್ಗೆ ಅರ್ಜಿದಾರರ ಹೇಳಿಕೆ ಸಂಶಯಾಸ್ಪದವಾಗಿದ್ದು, ಅದನ್ನು ದಾಖಲೆಯಲ್ಲಿ ಗುರುತಿಸಲಾಗಿದೆ. ಠಾಣೆಯಲ್ಲಿ ಸುಳ್ಳನ್ನು ನುಂಗಿ ನಿಜ ಹೇಳಿದವಳಿಗೆ ಸಿಕ್ಕಿದ್ದು ಸುಳ್ಳಿಯ ಪಟ್ಟ. ಆ ಪತ್ರವನ್ನೂ ನಾನೇ ಜೆರಾಕ್ಸ್ ಮಾಡಿದೆ. ಈ ಸಲ ಓದಿದೆ.

ಇಷ್ಟು ದಿನ ಅವಳು ಟೈಲರಮ್ಮನಿಗೆ ವಿಷಯ ಹೇಳಿರಲಿಲ್ಲ. ಇವತ್ತು ಸಿಗಬಹುದು, ನಾಳೆ ಸಿಗಬಹುದು ಎಂಬ ಆಸೆ. ಹೇಳಿದ ಸೋಮವಾರ ಬಂತು, ಹೋಯಿತು. ಟೈಲರಮ್ಮ ವಾರಕ್ಕೊಮ್ಮೆ ಬರುತ್ತಿದ್ದಳು. ಗದ್ದಕ್ಕ ಕಿಟಕಿಯಿಂದ ನೋಡಿ ಒಳಕೋಣೆ ಸೇರುವಳು, ನಾನು "ಹೊರಗೆ ಹೋಗಿದ್ದಾಳೆ" ಎನ್ನುವೆನು. ನಾಲ್ಕನೇ ಸಲ ಟೈಲರಮ್ಮ ನನ್ನ ಬೆಂಚಿನ ಮೇಲೆ ಕೂತೇಬಿಟ್ಟಳು.

"ಹೊರಗೆ ಹೋದವರು ಫ್ಯಾನ್ ಹಾಕ್ಕೊಂಡು ಹೋಗ್ತಾರಾ ಅಣ್ಣ? ದುಡ್ಡು ಜಾಸ್ತಿ ಬೇಕಂತಾ ಕೇಳಿ. ಹೊಲಿದು ಕೊಡ್ತೀನಿ. ಚಿಕ್ಕವಳು ದಿನಾ ಕೇಳ್ತಾಳೆ, ಅಪ್ಪನ ಪುಸ್ತಕ ಬಂತಾ ಅಂತ."

ಅವಳು ಎದ್ದು ಹೋದ ಮೇಲೆ ಗದ್ದಕ್ಕ ಹೊರಗೆ ಬಂದಳು. ಚಪ್ಪಲಿ ಮೆಟ್ಟಿಕೊಂಡು ಅವಳ ಹಿಂದೆಯೇ ಹೋದಳು. ಅಲ್ಲಿ ನಡೆದದ್ದನ್ನು ಅವಳೇ ಹೇಳಿದ್ದು. ಟೈಲರಮ್ಮ ಆಗ ತಾನೇ ಮಿಷನ್ನಿನ ಮುಂದೆ ಕೂತಿದ್ದಳು. ಇವಳು ಬಾಗಿಲಲ್ಲೇ ನಿಂತು, ಕಳೆದುಹೋಗಿದೆ, ಎರಡೂ ಕಳೆದುಹೋಗಿದೆ ಎಂದಳು. ಟೈಲರಮ್ಮನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಆಮೇಲೆ ಕೂಗಾಡಲಿಲ್ಲ.

"ಪ್ರತಿ ಸಲ ಕೊಳವೆ ತೆಗೆದಾಗ ನಾನು ಎಣಿಸ್ತಿದ್ದೆ. ಹದಿನೇಳಕ್ಕೆ ಅವರ ತುಟಿ ನೀಲಿ ಆಗ್ತಿತ್ತು. ನಿಮಗೋಸ್ಕರ ಇಪ್ಪತ್ತರ ತನಕ ಎಣಿಸಿದೆ. ಅಷ್ಟನ್ನ ಅವರು ಮನೇಲಿ ಸುಮ್ನೆ ಉಸಿರಾಡಿದ್ರೆ ಇನ್ನೊಂದು ದಿನ ಇರ್ತಿದ್ರೋ ಏನೋ."

"ಅಕ್ಕ, ನನ್ನನ್ನ..."

"ಬಾಗಿಲಿಂದ ಆಚೆ ನಿಲ್ಲಿ. ಬೆಳಕಿಗೆ ಅಡ್ಡ ಆಗ್ತಿದ್ದೀರಿ."

ಅಷ್ಟು ಹೇಳಿ ಮಿಷನ್ ತುಳಿಯತೊಡಗಿದಳಂತೆ.

ಅವತ್ತಿನಿಂದ ಗದ್ದಕ್ಕನಿಗೆ ಹುಚ್ಚು ಹಿಡಿದ ಹಾಗಾಯಿತು. ಕಳೆದ ಸಾಮಾನಿನ ನಂಬರುಗಳನ್ನು ಒಂದು ಹಾಳೆಯಲ್ಲಿ ಬರೆದು ನನ್ನಿಂದ ಮುನ್ನೂರು ಪ್ರತಿ ತೆಗೆಸಿಕೊಂಡಳು. ದುಡ್ಡು ತೆಗೆದುಕೊಳ್ಳಲು ನನಗೆ ಕೈ ಬರಲಿಲ್ಲ. ಬೆಳಗ್ಗೆ ಎರಡು ಗಂಟೆ ಪಾಸ್‌ಪೋರ್ಟ್ ಫೋಟೋ ತೆಗೆಯುವುದು. ಕಂಪ್ಯೂಟರ್ ಇಲ್ಲದೆಯೂ ಕ್ಯಾಮೆರಾದ ಕಾರ್ಡನ್ನು ನೇರ ಹಾಕಿದರೆ ಮುದ್ರಿಸುವ ಪುಟ್ಟ ಯಂತ್ರವೊಂದಿತ್ತು. ಆಮೇಲೆ ಬಾಗಿಲಿಗೆ ಹಗ್ಗ ಕಟ್ಟಿ ಹಳೇ ಕಂಪ್ಯೂಟರ್ ಮಾರುವ ಓಣಿಗೆ. ಒಂದೊಂದು ಅಂಗಡಿ, ಒಂದೊಂದು ತಳ್ಳುಗಾಡಿ. "ನಾನು ಪೊಲೀಸಲ್ಲ, ಯಾರ ಮೇಲೂ ದೂರಿಲ್ಲ. ಲ್ಯಾಪ್‌ಟಾಪ್ ನೀವೇ ಇಟ್ಕೊಳ್ಳಿ, ಡಿಸ್ಕ್ ಕೊಡಿ ಸಾಕು." ಕೆಲವರು ಹಾಳೆ ತೆಗೆದುಕೊಂಡರು, ಕೆಲವರು ಅದರಲ್ಲೇ ತಿಂಡಿ ಕಟ್ಟಿದರು. ಮೂರು ವಾರದಲ್ಲಿ ಚಪ್ಪಲಿ ಸವೆಯಿತು, ಕೆನ್ನೆ ಒಳಗೆ ಹೋಯಿತು.

ಆ ಓಣಿಯ ಕೊನೆಯಲ್ಲಿ ಒಬ್ಬ ರಿಪೇರಿಯವನಿದ್ದ. ಆರನೇ ಸಲ ಅದೇ ಹಾಳೆ ಹಿಡಿದು ಬಂದವಳನ್ನು ನೋಡಿ ಅವನಿಗೇ ಸಾಕಾಯಿತು.

"ಮೇಡಂ, ಇಲ್ಲಿಗೆ ಬಂದ ಡಿಸ್ಕು ಒಂದೇ ಗಂಟೇಲಿ ಅಳಿಸಿ ಮಾರಿರ್ತಾರೆ. ಬಿಟ್ಬಿಡಿ. ಅಲ್ಲಾ, ಆ ಫೋಟೋ ತೆಗೆದ ಕಾರ್ಡ್ ಎಲ್ಲಿ?"

"ನನ್ನ ಹತ್ರಾನೇ ಇದೆ. ಅವತ್ತೇ ಖಾಲಿ ಮಾಡಿದೆ."

"ಖಾಲಿ ಮಾಡಿದ್ರೂ ಒಳಗೆ ಇರುತ್ತೆ. ಅದರ ಮೇಲೆ ಹೊಸ ಫೋಟೋ ಕೂತಾಗಲೇ ಹಳೇದು ಹೋಗೋದು. ಆಮೇಲೆ ಆ ಕಾರ್ಡಲ್ಲಿ ಏನೂ ತೆಗೆದಿಲ್ಲ ತಾನೇ?"

ಅವಳು ಕೈಚೀಲದಿಂದ ಆ ಕಾರ್ಡನ್ನು ತೆಗೆದು ಅವನ ಮುಂದಿಟ್ಟಳಂತೆ. ಸಮಾರಂಭಕ್ಕೆ ಬೇರೆ ಕಾರ್ಡ್ ಹಾಕಿದ್ದಳು. ಆದರೆ ಆಮೇಲೆ ಇವತ್ತಿನವರೆಗೂ, ದಿನಾ ಬೆಳಗ್ಗೆ, ಹೊಟ್ಟೆಪಾಡಿನ ಪಾಸ್‌ಪೋರ್ಟ್ ಫೋಟೋ ತೆಗೆದದ್ದು ಅದೇ ಕಾರ್ಡಿನಲ್ಲಿ. ತಾನು ಓಣಿ ಓಣಿ ಅಲೆದು ಹುಡುಕುತ್ತಿದ್ದವನನ್ನು ಅವಳೇ, ತನ್ನ ಕೈಯಾರೆ, ಗುರುತು ಪರಿಚಯವಿಲ್ಲದ ಮುಖಗಳಿಂದ ಒಂದೊಂದಾಗಿ ಅಳಿಸುತ್ತಾ ಬಂದಿದ್ದಳು.

ರಿಪೇರಿಯವನು ಕಾರ್ಡನ್ನು ತನ್ನ ಯಂತ್ರಕ್ಕೆ ಹಾಕಿದ. ನಾಲ್ಕು ಗಂಟೆ ಹಿಡಿಯಿತು. ಅರವತ್ತೆರಡರಲ್ಲಿ ಒಂಬತ್ತು ಬಂದವು. ಐದರಲ್ಲಿ ಅರ್ಧಕ್ಕರ್ಧ ಬೂದು ಪಟ್ಟೆ; ಆ ಐದರ ಪೈಕಿ ಒಂದರಲ್ಲಿ ಬರೀ ಮಂಡಿ, ಇನ್ನೊಂದರಲ್ಲಿ ದೊಡ್ಡ ಮಗಳ ಜಡೆ. ಪೂರ್ತಿ ಉಳಿದದ್ದು ನಾಲ್ಕು. ಅವು ಕೊನೆಯಲ್ಲಿ ತೆಗೆದವು. ಆ ಹೊತ್ತಿಗೆ ಡ್ರೈವರ್ ಸೋತಿದ್ದ. ನಾಲ್ಕರಲ್ಲೂ ಮೂಗಿಗೆ ಕೊಳವೆ ಇತ್ತು. ಕಿವಿಯ ಹಿಂದಿನಿಂದ ಜಾರಿದ ಕೊಳವೆಯನ್ನು ಚಿಕ್ಕ ಮಗಳು ಸರಿ ಮಾಡುತ್ತಿದ್ದಾಗ, ಅವಳ ಗಂಭೀರ ಮುಖ ನೋಡಿ ಅವನು ನಕ್ಕಿದ್ದ. ಗದ್ದಕ್ಕ ಅದನ್ನು ಯಾರಿಗೂ ಹೇಳದೆ, ಕೈ ಅಭ್ಯಾಸಕ್ಕೆ ಒತ್ತಿಬಿಟ್ಟಿದ್ದಳು.

ಆ ನಾಲ್ಕನ್ನೂ ಮುದ್ರಿಸಿಕೊಂಡು ಟೈಲರಮ್ಮನ ಮನೆಗೆ ಹೋಗುವಾಗ ನನ್ನನ್ನೂ ಕರೆದಳು. ಒಬ್ಬಳೇ ಹೋಗುವ ಧೈರ್ಯವಿರಲಿಲ್ಲ. ನಾವು ಬಾಗಿಲಿಂದ ಆಚೆಯೇ ನಿಂತೆವು. ಟೈಲರಮ್ಮ ಬಟ್ಟೆಯ ಚೂರುಗಳನ್ನು ಸರಿಸಿ ಫೋಟೋಗಳನ್ನು ಮೇಜಿನ ಮೇಲೆ ಹರಡಿದಳು. ಒಂದೊಂದನ್ನೂ ಕೈಗೆತ್ತಿಕೊಂಡು ನೋಡಿದಳು.

"ಅವರು ಇದನ್ನೇ ಬೇಡ ಅಂದಿದ್ದು" ಎಂದಳು ಕೊನೆಗೆ, ಕೊಳವೆಯ ಮೇಲೆ ಬೆರಳಿಟ್ಟು.

"ಗೊತ್ತು."

"ತೆಗೀಬಹುದಾ?"

"ತೆಗೀಬಹುದು. ನಿಧಾನಕ್ಕೆ ಮಾಡ್ಬೇಕು."

"ಮಾಡಿ" ಎಂದು ಒಂದನ್ನು ಮುಂದೆ ತಳ್ಳಿದಳು. ಚಿಕ್ಕ ಮಗಳ ಕೈ ಅಪ್ಪನ ಕಿವಿಯ ಹತ್ತಿರ ಇದ್ದದ್ದು.

ಸ್ವಂತ ಕಂಪ್ಯೂಟರಿಲ್ಲ. ರಿಪೇರಿಯವನು ತನ್ನ ಅಂಗಡಿಯ ಮೂಲೆಯಲ್ಲಿ ಒಂದು ಸ್ಟೂಲು ಹಾಕಿಕೊಟ್ಟ. ಗಿರಾಕಿಗಳ ಗಲಾಟೆಯ ನಡುವೆ ಎರಡು ದಿನ ಕೂತು, ಕೊಳವೆಯ ಕೆಳಗಿದ್ದ ಚರ್ಮವನ್ನು, ಮೀಸೆಯ ಕೂದಲನ್ನು, ಕೆನ್ನೆಯ ಗೆರೆಯನ್ನು ಒಂದೊಂದು ಚುಕ್ಕೆಯಾಗಿ ಕೂರಿಸಿದಳು. ಕೊಳವೆ ಹೋದ ಮೇಲೆ ಮಗುವಿನ ಬೆರಳುಗಳಲ್ಲಿ ಏನೂ ಉಳಿಯಲಿಲ್ಲ. ನೋಡಿದರೆ ಅವಳು ಸುಮ್ಮನೆ ಅಪ್ಪನ ಕೆನ್ನೆ ಮುಟ್ಟುತ್ತಿರುವ ಹಾಗೆ ಕಾಣುತ್ತಿತ್ತು, ಅವನು ಅದಕ್ಕೇ ನಗುತ್ತಿರುವ ಹಾಗೆ.

ಟೈಲರಮ್ಮ ಅದನ್ನು ತೆಗೆದುಕೊಂಡಳು. ಕ್ಷಮಿಸಿದೆ ಎನ್ನಲಿಲ್ಲ. ಕೂತ್ಕೊಳ್ಳಿ ಎಂದೂ ಹೇಳಲಿಲ್ಲ. ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು, "ನೀವು ಅವತ್ತು ಕೇಳದೆ ತೆಗೆದ್ರಲ್ಲ, ಅದೊಂದು ಒಳ್ಳೇದಾಯ್ತು" ಎಂದಳು. ಈಗ ಅದು ಅವರ ಮುಂದಿನ ಕೋಣೆಯ ಗೋಡೆಯಲ್ಲಿದೆ. ಕೊಳವೆ ಇರುವ ಮೂರು ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿವೆ ಎಂದು ದೊಡ್ಡ ಮಗಳು ಒಮ್ಮೆ ಜೆರಾಕ್ಸಿಗೆ ಬಂದಾಗ ಹೇಳಿದಳು.

ಕಳೆದ ಸಾಮಾನು ಸಿಗಲಿಲ್ಲ. ಗದ್ದಕ್ಕ ಸ್ಟುಡಿಯೋಗೆ ಅರ್ಧ ದಿನ ಬಾಗಿಲು ಹಾಕಿ, ಊರಾಚೆಯ ದೊಡ್ಡ ಸ್ಟುಡಿಯೋ ಒಂದರಲ್ಲಿ ಬೇರೆಯವರು ತೆಗೆದ ಫೋಟೋಗಳನ್ನು ತಿದ್ದುವ ಕೆಲಸಕ್ಕೆ ಸೇರಿಕೊಂಡಳು. ಒಂದು ವರ್ಷದ ಮೇಲೆ ಯಾರೋ ಬಳಸಿದ ಲ್ಯಾಪ್‌ಟಾಪ್ ಕೊಂಡಳು. ಅದಕ್ಕೂ ವಿಮೆ ಮಾಡಿಸಬೇಕಲ್ಲ. ಬೇರೆ ಕಂಪನಿಯ ಕಚೇರಿಗೆ ನಾವಿಬ್ಬರೂ ಹೋದೆವು. ಗುಮಾಸ್ತೆಯ ಮುಂದೆ ಕೂತು, ಹೊರಗಿನ ಕೆಲಸದಲ್ಲಿ ಕಳವಾದರೆ ಎಂಬ ಭಾಗವನ್ನು ಬೆರಳಿಟ್ಟು ಓದಿದಳು. ಯಾರದೋ ಕಣ್ಗಾವಲಿನಲ್ಲಿ ಬಿಟ್ಟಿದ್ದರೆ? ಬೀಗ ಹಾಕದ ಕೋಣೆಯಾದರೆ? ಹನ್ನೆರಡು ನಿಮಿಷ ದೂರ ಹೋಗಿದ್ದರೆ? ಹಿಂದಿದ್ದವರು ಗೊಣಗಿದರು. ಗುಮಾಸ್ತೆ "ನಿಮ್ಮ ಹೆಸರಲ್ಲಿ ಹಳೇ ಕಂಪನಿಯ ಒಂದು ಟಿಪ್ಪಣಿ ಇದೆ" ಎಂದು ಕಂತಿಗೆ ಇನ್ನಷ್ಟು ಸೇರಿಸಿದಳು. ಗದ್ದಕ್ಕ ಎದುರು ಮಾತಾಡದೆ ಕಟ್ಟಿದಳು. ಡಿಸ್ಕಿನೊಳಗಿನ ಫೋಟೋಗೆ ವಿಮೆ ಇದೆಯೇ ಎಂದೂ ಕೇಳಿದಳು. ಇಲ್ಲ, ಅದಕ್ಕೆ ಬೆಲೆ ಕಟ್ಟಲು ಬರುವುದಿಲ್ಲ ಎಂದಳು ಗುಮಾಸ್ತೆ. ಈಗ ಎರಡನೇ ಡಿಸ್ಕು ನನ್ನ ಅಂಗಡಿಯ ಕಪಾಟಿನಲ್ಲಿರುತ್ತದೆ.

ಠಾಣೆಗೆ ಹೋದ ಆ ಭಾನುವಾರದ ಮೇಲೆ ಭಾವ ನಮ್ಮ ಬೀದಿಗೆ ಬಂದಿರಲಿಲ್ಲ. ಎರಡು ತಿಂಗಳ ಹಿಂದೆ ಎಲ್ಲೂ ಕರೆಂಟಿಲ್ಲದ ಒಂದು ದಿನ, ನನ್ನಲ್ಲಿ ಬ್ಯಾಟರಿ ಇದೆಯೆಂದು ಯಾರದೋ ಅರ್ಜಿಯ ಪ್ರತಿ ತೆಗೆಸಲು ಬಂದ. ಏಜೆನ್ಸಿ ಹಾಗೇ ಇದೆ. ಕೂದಲು ಮಾತ್ರ ಪೂರ್ತಿ ಬೆಳ್ಳಗಾಗಿದೆ. ಪಕ್ಕದ ಬಾಗಿಲ ಕಡೆ ನೋಡದ ಹಾಗೆ ಬೆನ್ನು ತಿರುಗಿಸಿ ನಿಂತ. ನನಗೆ ತಡೆಯಲಾಗಲಿಲ್ಲ. ಸರ್ವೇಯರ್ ಬಂದಿದ್ದು, ಚಿಲಕದ ಬಗ್ಗೆ ಕೇಳಿದ್ದು, "ನಾನೇ ಮುರಿದೆ" ಎಂದು ಅವಳು ಅಂದದ್ದು, ಎಲ್ಲವನ್ನೂ ಹೇಳಿಬಿಟ್ಟೆ. ಅವನಿಗೆ ಅದು ಗೊತ್ತೇ ಇರಲಿಲ್ಲ.

ಅವನು ಪ್ರತಿಗಳನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. "ನಮ್ಮ ಮನೇಲಿ ಬೆಳೆದವಳು" ಎಂದ. ದುಡ್ಡನ್ನು ಕಟ್ಟೆಯ ಮೇಲಿಟ್ಟು ಹೋದ.

ಅದಾದ ಮುಂದಿನ ಭಾನುವಾರ ಅಕ್ಕನ ಫೋನ್ ಬಂತು, ಒಂದೂವರೆ ವರ್ಷದ ಮೇಲೆ. ಈಗ ವಾರಕ್ಕೊಮ್ಮೆ ಬರುತ್ತದೆ. ಗೋಡೆಯಾಚೆಯಿಂದ ನನಗೆ ಕೇಳಿಸುವುದು ಇವಳ ಮಾತಷ್ಟೇ: "ಹೂಂ, ಊಟ ಆಯ್ತು... ಇಲ್ಲ, ಚೆನ್ನಾಗಿದ್ದೀನಿ... ನೀನು ಮಾತ್ರೆ ತಗೊಂಡ್ಯಾ?" ನಡೆದದ್ದರ ಮಾತು ಇಬ್ಬರೂ ಎತ್ತುವುದಿಲ್ಲ. ಅಕ್ಕ ಮನೆಗೆ ಕರೆದಿಲ್ಲ, ಇವಳೂ ಹೋಗಿಲ್ಲ.